ಚರಗ ತಿಂದ ಮೀನು

ಆಗೆಲ್ಲ ಚಳಿಗಾಲ ಬಂತೆಂದರೆ ಭೀಮಾ ನದಿ ತುಂಡು ತುಂಡಾಗುತ್ತಿತ್ತು. ನಡುವೆ ಉಸುಕು, ಅಲ್ಲಲ್ಲಿ ಒಂದೊಂದು ಮಡು. ಅಗರಖೇಡದ ನಮ್ಮ ಹೊಲದ ಕೆಳಗಿದ್ದ ಮಡುವಿನ ನೀರು ಹಸಿರಾಗಿತ್ತು ಎಂದು ಮೊದಲು ಬರೆದೆ. ಹೊಡೆದು ಹಾಕಿದೆ. ಬಣ್ಣ ನೆನಪಿಲ್ಲ. ಮುಂಜಾನೆ ಅದರ ಮೇಲೆ ಆವಿ ಏಳುತ್ತಿದ್ದದ್ದು, ಉಸುಕು ಅಂಗಾಲಿಗೆ ಸೂಜಿಯಂತೆ ಚುಚ್ಚುತ್ತಿದ್ದದ್ದು, ಇವೆರಡನ್ನು ನಂಬಬಹುದು.

ನಮ್ಮದು ಮೀನು ಮುಟ್ಟದ ಮನೆ. ಗೆಳತಿ ಯಲ್ಲವ್ವನದು ಮೀನು ಹಿಡಿಯುವವರ ಮನೆ. ಸಾಲೆ ಬಿಟ್ಟೊಡನೆ ಇಬ್ಬರೂ ಮಡುವಿಗೆ ಓಡುತ್ತಿದ್ದೆವು. ಅವಳಪ್ಪ ಹಣಮಪ್ಪ ಕಾಕಾ ಬಲೆಯ ಒಂದು ಅಂಚನ್ನು ಹಲ್ಲಲ್ಲಿ ಕಚ್ಚಿ, ಉಳಿದದ್ದನ್ನು ಮೊಣಕೈ ಮೇಲೆ ಹಾಕಿಕೊಂಡು, ಗರ್ರನೆ ತಿರುಗಿ ಎಸೆಯುತ್ತಿದ್ದ. ಬಲೆ ನೀರಿನ ಮೇಲೆ ಗುಂಡಗೆ ಬೀಳಬೇಕು. ಬೀಳುತ್ತಿತ್ತು. ಆ ವರ್ಷ ಎಳೆದಾಗ ಮಾತ್ರ ಬರೀ ಪಾಚಿ.

"ಥಂಡಿಗಿ ಮೀನ ತಳಾ ಹಿಡದು ಕುಂತಾವ," ಎನ್ನುತ್ತಿದ್ದ ಕಾಕಾ. "ಕೌದಿ ಒಂದ ಕಡಿಮಿ ಅವಕ್ಕ."

ಅವರಿಗೆ ಮೀನು ಬೇಕೇ ಬೇಕಿತ್ತು. ಯಲ್ಲವ್ವನ ಅಕ್ಕ ಹಡೆದು ಎಂಟು ದಿನವಾಗಿತ್ತು, ಎದೆಯಲ್ಲಿ ಹಾಲಿಲ್ಲ. ಕೂಸು ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಮೀನಿನ ಸಾರು ಕುಡಿದರೆ ಹಾಲು ಇಳಿಯುತ್ತದೆ ಎಂದು ಅವಳ ಅಜ್ಜಿಯ ಹಟ.

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಯಲ್ಲವ್ವನನ್ನೂ ಕೂರಿಸಿಕೊಂಡು ಗಾಡಿಯಲ್ಲಿ ಹೊಲಕ್ಕೆ ಹೋದೆವು. ಆ ದಿನ ಭೂಮಿ ಬಸುರಿ. ಆಕೆಯ ಬಯಕೆಗೆಂದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಪಲ್ಯ ಎಲ್ಲ ಕಲಸಿ ನಿಂತ ಜೋಳದೊಳಗೆ ಚೆಲ್ಲುತ್ತಾರೆ. ಅದೇ ಚರಗ. ಅಪ್ಪನ ಅವ್ವ, ನಮ್ಮೆಲ್ಲರ ಆಯಿ, ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು.

"ಆಯಿ, ಹೊಳಿಗೂ ಬಯಕಿ ಇರಂಗಿಲ್ಲೇನು?"

"ಇಲ್ಲದ್ದ ಕೇಳಬ್ಯಾಡ. ಕಡೀ ಸಾಲಿನ ಮಟಾ ಚೆಲ್ಲಿ ಬಾ."

ಅರ್ಧ ಹೊಲ ಚೆಲ್ಲಿದೆ. ಆಮೇಲೆ ಕಡೆಯ ಸಾಲು ದಾಟಿ, ದಂಡೆ ಇಳಿದು, ಉಳಿದದ್ದನ್ನೆಲ್ಲ ಮಡುವಿಗೆ ಸುರಿದೆ. ಬಾಣಂತಿಯ ಮೇಲಿನ ಕರುಣೆಯಿಂದ ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಗೇನಿಲ್ಲ. ಮೀನು ಕಡುಬು ತಿನ್ನುತ್ತದೆಯೇ ಎಂದು ನೋಡಬೇಕಿತ್ತು, ಅಷ್ಟೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ನೀರು ಗುಳುಗುಳು ಎಂದಿತು. ಯಲ್ಲವ್ವ ನನ್ನ ತೋಳನ್ನು ಚಿವುಟಿ, ಅಪ್ಪನಿಗೆ ಹೇಳಲು ಓಡಿದಳು.

ಮರುದಿನ ಮುಂಜಾನೆ ಕಾಕಾನ ಬಲೆಗೆ ಮೊಳದುದ್ದದ ಮೀಸೆಮೀನು ಬಿತ್ತು. ಅಂಗಳದಲ್ಲಿ ಯಲ್ಲವ್ವನ ಅವ್ವ ಅದರ ಹೊಟ್ಟೆ ಸೀಳಿದಳು. ಒಳಗೆ ಕಡುಬಿನ ಚೂರು, ಎಳ್ಳು.

ಕಾಕಾ ನೋಡಿದ. "ಚರಗ ಇದು. ಭೂಮ್ತಾಯಿ ಪಾಲು. ನಾವು ಉಣ್ಣಾಕ ಬರಂಗಿಲ್ಲ. ಹೊಳಿಗಿ ಬಿಟ್ಟು ಬರ್ತೇನಿ."

"ಸೀಳಿದ ಮೀನ ಬಿಟ್ಟು ಏನ ಮಾಡ್ತಿ?" ಎಂದಳು ಅಜ್ಜಿ. "ಈಸಾಕ ಕಲಿಸ್ತೀ?"

"ಎವ್ವಾ, ಚ್ಯಾಷ್ಟಿ ಬ್ಯಾಡ."

"ಚ್ಯಾಷ್ಟಿ ಅಲ್ಲೋ. ಬಯಕಿ ಊಟ ಯಾರಿಗಿ ಹಾಕ್ತಾರ? ಬಸರಿಗಿ. ಹಡದ ಮ್ಯಾಲ ಆಕಿ ಹಸದ ಕುಂದರ್ಲಿ ಅಂತ ಯಾ ಭೂಮ್ತಾಯಿ ಅಂತಾಳ, ಹೇಳ ನೋಡೋಣು."

ಕಾಕಾ ಕಿವಿ ತುರಿಸಿಕೊಂಡ. ಒಳಗೆ ಕೂಸು ದನಿಯಿಲ್ಲದೆ ಅಳುತ್ತಿತ್ತು. ಅವನು ಬಲೆ ಎತ್ತಿಕೊಂಡು ಒಣಹಾಕಲು ಹೊರಗೆ ಹೋದ.

"ಯಲ್ಲಿ, ಬಳ್ಳೊಳ್ಳಿ ತಾ," ಎಂದಳು ಅಜ್ಜಿ.

ಬೆಳ್ಳುಳ್ಳಿ, ಹುಣಸೆಹುಳಿ, ಖಾರ, ಅದರಡಿಯಲ್ಲಿ ಹೊಳೆಯ ಕೆಸರಿನಂಥ ಇನ್ನೊಂದು ವಾಸನೆ. ಮೀನು ಮುಟ್ಟದ ಮನೆಯ ನಾನು ಇಷ್ಟು ವರ್ಷ ಆ ವಾಸನೆಯನ್ನು ಮೂಗಿನಲ್ಲಿಟ್ಟುಕೊಂಡು ಬಂದಿದ್ದೇನೆ.

ಮೊನ್ನೆ ಆಲಮೇಲದ ಬಸ್ ನಿಲ್ದಾಣದಲ್ಲಿ ಯಲ್ಲವ್ವ ಸಿಕ್ಕಳು. ಜೊತೆಗೊಬ್ಬಳು ಎತ್ತರದ ಹೆಣ್ಣುಮಗಳು. ಆ ಕೂಸೇ ಇವಳು. ಅಜ್ಜಿಯ ಸಾರೋ, ಮತ್ತೇನೋ, ಅಂತೂ ಹಾಲು ಇಳಿದಿತ್ತು. ನಾನು ಮೀನಿನ ಹೊಟ್ಟೆಯ ಎಳ್ಳಿನ ಮಾತು ತೆಗೆದೆ.

ಯಲ್ಲವ್ವ ನಕ್ಕಳು. "ಅವತ್ತ ನೀ ಎಲ್ಲಿದ್ದಿ? ಮೀನ ಕೊಯ್ಯೂ ಕಡೆ ನಿಮ್ಮಾಯಿ ನಿನ್ನ ಬಿಡ್ತಿದ್ಳೇನು? ಸಾಲ್ಯಾಗ ನಾ ಹೇಳಿದ್ದು ಅದು."

"ಮತ್ತ ಸಾರಿನ ವಾಸನಿ?"

"ಅದನ್ನೂ ನಾನ ಹೇಳಿದ್ದೆ."

"ಮಡು ಆದ್ರೂ ಖರೇನ ಇತ್ತೋ ಇಲ್ಲೋ?"

"ಇತ್ತವಾ. ನಿಮ್ಮ ಹೊಲದ ಕಡೀ ಸಾಲಿನ ಕೆಳಗ."

ಈ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದೆ. ಕೆಳಗೆ ಬ್ಯಾರೇಜು ಕಟ್ಟಿದ ಮೇಲೆ ಹೊಳೆ ಚಳಿಗಾಲದಲ್ಲೂ ದಂಡೆ ತುಂಬಿ ನಿಲ್ಲುತ್ತದೆ. ಮಡುವಿಲ್ಲ, ಉಸುಕಿಲ್ಲ, ನಮ್ಮ ಹೊಲದ ಕೊನೆಯ ನಾಲ್ಕು ಸಾಲೂ ಇಲ್ಲ. ಆಯಿ ಹೇಳಿದಲ್ಲಿಯವರೆಗೆ ಚರಗ ಮುಟ್ಟಿಸಬೇಕಾದರೆ ಈಗ ನೀರಿಗೇ ಚೆಲ್ಲಬೇಕು. ಚೆಲ್ಲಿದೆ. ಬೈಯುವವರು ಯಾರೂ ಇರಲಿಲ್ಲ. ನೀರು ಗುಳುಗುಳು ಎನ್ನುತ್ತದೇನೋ ಎಂದು ಬುಟ್ಟಿ ಹಿಡಿದು ಬಹಳ ಹೊತ್ತು ನಿಂತಿದ್ದೆ.