ಶನಿ ಒಂದು ಸುತ್ತು ಮುಗಿಸುವಷ್ಟರಲ್ಲಿ

ಸುಟ್ಟ ಎಳ್ಳೆಣ್ಣೆಯ ವಾಸನೆ ನನಗೆ ಆಗುವುದಿಲ್ಲ. ಹೋದ ಶನಿವಾರ ಅಕ್ಕ ಕಣ್ಣು ತೋರಿಸಿಕೊಳ್ಳಲು ದೇವದುರ್ಗದಿಂದ ರಾಯಚೂರಿಗೆ ಬಂದಿದ್ದಳು. ಬಸ್ ಸ್ಟ್ಯಾಂಡಿನಿಂದ ಅವಳನ್ನು ಆಟೋದಲ್ಲಿ ಕರೆದುಕೊಂಡು ಹೊರಟಿದ್ದೆ. ಶನಿದೇವರ ಗುಡಿಯ ಮುಂದೆ ಜನ ಸೇರಿ ಆಟೋ ನಿಂತುಬಿಟ್ಟಿತು. ಸಾಲಾಗಿ ಹಚ್ಚಿದ ದೀಪಗಳ ಕಮಟು ವಾಸನೆ ಒಳಗೆ ನುಗ್ಗಿತು. ಅಕ್ಕ ಸೆರಗನ್ನು ಮೂಗಿಗೆ ಹಿಡಿದಳು. ಇಬ್ಬರಿಗೂ ನೆನಪಾದವರು ಒಬ್ಬರೇ... ನಮ್ಮ ವಿಜ್ಞಾನ ಮಾಸ್ತರು.

ಅವರಿಗೆ ಬಹುವಚನ ಹಚ್ಚುತ್ತಿರುವುದು ಅಪ್ಪ ಕಲಿಸಿದ ಮರ್ಯಾದೆಯಿಂದ. ಅವರು ಅದಕ್ಕೆ ಯೋಗ್ಯರೆಂದಲ್ಲ.

ಮೂವತ್ತು ವರ್ಷಗಳ ಹಿಂದೆ ನಾವು ಮಾನ್ವಿಯಲ್ಲಿದ್ದೆವು. ಅಪ್ಪ ಅಕ್ಕಿ ಗಿರಣಿಯಲ್ಲಿ ತೂಕ ಮಾಡುವ ಕೆಲಸಕ್ಕಿದ್ದ. ಮಾಸ್ತರು ನಮ್ಮ ಓಣಿಯವರೇ. ಹಗಲು ಹೈಸ್ಕೂಲಿನಲ್ಲಿ ವಿಜ್ಞಾನ, ಸಂಜೆ ಮನೆಯ ಕಟ್ಟೆಯ ಮೇಲೆ ಪಂಚಾಂಗ. ನೀರಮಾನ್ವಿ, ಕುರ್ಡಿಯಿಂದಲೂ ಜನ ಬಂದು ಅವರ ಮುಂದೆ ಕೈಕಟ್ಟಿ ಕೂರುತ್ತಿದ್ದರು. ಹಗಲಿನ ಮಾತಿಗೂ ಸಂಜೆಯ ಮಾತಿಗೂ ತಾಳೆಯಾಗುವುದಿಲ್ಲವಲ್ಲ ಎಂದು ಅವರಿಗೆ ಒಂದು ದಿನವೂ ಮುಜುಗರವಾದದ್ದನ್ನು ನಾನು ಕಾಣಲಿಲ್ಲ. ಅಂಗಿ ಬದಲಿಸಿದಷ್ಟು ಸಲೀಸಾಗಿ ನಾಲಗೆ ಬದಲಿಸುತ್ತಿದ್ದರು.

ದಡ್ಡರಾಗಿದ್ದರೆ ಪಾಪ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಅವರಷ್ಟು ಚೆನ್ನಾಗಿ ಪಾಠ ಮಾಡಿದವರನ್ನು ನಾನು ಮತ್ತೆ ನೋಡಿಲ್ಲ. ಒಮ್ಮೆ ಎಲ್ಲ ತರಗತಿಗಳ ಮಕ್ಕಳನ್ನೂ ಮೈದಾನಕ್ಕೆ ಕರೆತಂದು ಸುಣ್ಣದಲ್ಲಿ ಒಂದರ ಹೊರಗೊಂದು ವರ್ತುಲ ಎಳೆಸಿದರು. ನಡುವೆ ತಾವೇ ಸೂರ್ಯನಾಗಿ ಛತ್ರಿ ಬಿಚ್ಚಿಕೊಂಡು ನಿಂತರು. ಒಳಗಿನ ವರ್ತುಲದಲ್ಲಿ ಬುಧನಾದ ಹುಡುಗಿಗೆ, "ಎಂಬತ್ತೆಂಟು ದಿನದಾಗ ಒಂದು ಸುತ್ತು ಮುಗಸಬೇಕು, ಓಡು!" ಎಂದು ಕೂಗಿದರು. ಹತ್ತನೆಯ ತರಗತಿಯಲ್ಲಿದ್ದ ಅಕ್ಕನನ್ನು ದೂರದ ವರ್ತುಲದಲ್ಲಿ ಬೇವಿನ ಗಿಡದ ಹತ್ತಿರ ಶನಿ ಮಾಡಿ ನಿಲ್ಲಿಸಿದ್ದರು.

"ನಿನಗ ಒಂದು ಸುತ್ತಿಗೆ ಇಪ್ಪತ್ತೊಂಬತ್ತೂವರೆ ವರ್ಷ ಬೇಕವ್ವಾ, ಆರಾಮ ಹೆಜ್ಜಿ ಹಾಕು. ಆದ್ರ ನಿನ್ನ ಸುತ್ತ ನೀ ತಿರುಗೋದು ಹತ್ತೂವರೆ ತಾಸಿಗೊಮ್ಮೆ. ಗರಗರ ತಿರುಗು!"

ಅಕ್ಕ ಗರಗರ ತಿರುಗುತ್ತಾ ಇರುವೆಯಂತೆ ಮುಂದೆ ಸರಿಯುತ್ತಾ ತಲೆ ಸುತ್ತಿ ಬಿದ್ದಳು. ಎಲ್ಲರೂ ನಕ್ಕೆವು. ಯಾರೋ ಒಬ್ಬಳು, "ಶನಿ ಕಾಡತಾನಂತಲ್ರೀ ಸರ್?" ಎಂದು ಕೇಳಿದಳು.

"ಅದೊಂದು ಗಾಳಿ ಉಂಡಿ," ಎಂದರು ಮಾಸ್ತರು. "ಅದಕ್ಕ ನಿನ್ನ ಹೆಸರ ಗೊತ್ತಿಲ್ಲ, ನಿಮ್ಮೂರ ಗೊತ್ತಿಲ್ಲ. ನಿನ್ನ ಯಾಕ ಕಾಡ್ತದ?"

ಆ ಮಾತು ಅಕ್ಕನ ಮನಸ್ಸಿನಲ್ಲಿ ಕೂತಿತು. ಅಂದಿನಿಂದ ಅವಳಿಗೆ ಭೌತವಿಜ್ಞಾನದ್ದೇ ಹುಚ್ಚು. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದವು. ರಾಯಚೂರಿನ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೀಟೂ ಸಿಕ್ಕಿತು. ಅಪ್ಪ ಗಿರಣಿಯವರಿಗೆಲ್ಲ ಪೇಡೆ ಹಂಚಿದ. ಹಾಸ್ಟೆಲ್ಲಿಗೆಂದು ಹೊಸ ಟ್ರಂಕು ತಂದ. ಹೊರಡಲು ಒಂದು ಒಳ್ಳೆಯ ದಿನ ಕೇಳಿಕೊಂಡು ಬರೋಣವೆಂದು, ಅಷ್ಟಕ್ಕೇ, ನಮ್ಮಿಬ್ಬರನ್ನೂ ಕರೆದುಕೊಂಡು ಮಾಸ್ತರ ಕಟ್ಟೆಗೆ ಹೋದ.

ಮಾಸ್ತರು ಬೆರಳು ಮಡಿಚಿ ಎಣಿಸಿದರು. "ಕುಂಭ ರಾಶಿ. ಸಾಡೇಸಾತಿ ನಡದದ. ಶನಿ ಒಂದೊಂದು ಮನ್ಯಾಗ ಎರಡೂವರೆ ವರ್ಷ, ಹಿಂಗ ಮೂರು ಮನಿ ದಾಟಬೇಕು. ಈಗ ನಟ್ಟನಡುವ ಕುಂತಾನ. ಹುಡುಗಿನ್ನ ಊರು ಬಿಡಸಬ್ಯಾಡ."

ಇಪ್ಪತ್ತೊಂಬತ್ತೂವರೆಯನ್ನು ಹನ್ನೆರಡು ರಾಶಿಗೆ ಹಂಚಿದರೆ ಬರುವುದೂ ಹೆಚ್ಚುಕಡಿಮೆ ಎರಡೂವರೆಯೇ. ಮೈದಾನದಲ್ಲಿ ನಮಗೆ ಕಲಿಸಿದ ಲೆಕ್ಕದಿಂದಲೇ ಅಕ್ಕನ ಕಾಲಿಗೆ ಹಗ್ಗ ಹೊಸೆದಿದ್ದರು.

"ಅದಕ್ಕ ನಮ್ಮ ಹೆಸರ ಗೊತ್ತಿಲ್ಲಂತ ನೀವ ಹೇಳಿದ್ರಲ್ರೀ ಸರ್?" ಎಂದು ಅಕ್ಕ ಕೇಳಿದಳು.

ಮಾಸ್ತರು ನಕ್ಕರು. "ಅದು ಸಾಲಿ ಪಾಠವ್ವಾ, ಪರೀಕ್ಷಾದಾಗ ಬರಿಯೋದು. ಇದು ಸಂಸಾರದ ಮಾತು."

"ಸುಮ್ನಿರ ಬೇ," ಎಂದು ಅಪ್ಪ ಗದರಿದ.

ಅಕ್ಕ ಸುಮ್ಮನಾಗಲಿಲ್ಲ. ಮಾಸ್ತರ ಮಗಳು ಅವಳ ಗೆಳತಿ, ಒಂದೇ ತರಗತಿಯವರು. "ನಿಮ್ಮ ಮಗಳದೂ ಕುಂಭನ ಅಲ್ರೀ? ಅಕಿನ್ನ ಡಾಕ್ಟರ್ ಓದಾಕ ಹೈದರಾಬಾದಿಗೆ ಕಳಸಾಕತ್ತೀರಿ."

ಬಾಗಿಲಲ್ಲಿ ನಿಂತಿದ್ದ ಗೆಳತಿ ಒಳಗೆ ಸರಿದಳು. ಮಾಸ್ತರು ಕನ್ನಡಕ ಒರೆಸಿಕೊಂಡರು. "ಅಕಿಗೆ ಶಾಂತಿ ಮಾಡಿಸೀವಿ."

"ನಾವೂ ಮಾಡಸ್ತೀವ್ರೀ ಸರ್," ಎಂದ ಅಪ್ಪ, ಆಸೆಯಿಂದ.

"ಅದು ಎಲ್ಲಾರಿಗೂ ಹಿಡಸಂಗಿಲ್ಲಪಾ."

ಅಪ್ಪ ತಲೆ ತಗ್ಗಿಸಿದ. ಗಿರಣಿಯಲ್ಲಿ ಮೂಟೆಗಟ್ಟಲೆ ಅಕ್ಕಿಯನ್ನು ಒಂದು ಹಿಡಿ ಹೆಚ್ಚುಕಡಿಮೆಯಾಗದಂತೆ ತೂಗುತ್ತಿದ್ದ ಮನುಷ್ಯ, ಆ ಮಾತನ್ನು ತೂಗಿ ನೋಡಲಿಲ್ಲ. ಟ್ರಂಕು ಅಟ್ಟಕ್ಕೆ ಹೋಯಿತು. ಅವ್ವ ಪ್ರತಿ ಶನಿವಾರ ಎಳ್ಳೆಣ್ಣೆಯ ದೀಪ ಹಚ್ಚತೊಡಗಿದಳು. ಆ ಹೊಗೆಯಲ್ಲಿ ಅಕ್ಕ ಗೋಡೆಗೆ ಮುಖಮಾಡಿ ಮಲಗಿರುತ್ತಿದ್ದಳು...

ಎರಡು ವರ್ಷ ತುಂಬುವ ಮೊದಲೇ ದೇವದುರ್ಗದ ಸಂಬಂಧವನ್ನು ತಂದವರೂ ಮಾಸ್ತರೇ. ಗುರುಬಲ ಬಂದಿದೆಯಂತೆ. ಓದಲು ರಾಯಚೂರಿಗೆ ಹೋಗುವವಳಿಗೆ ಅಡ್ಡ ಬಂದ ಶನಿ, ಸೊಸೆಯಾಗಿ ದೇವದುರ್ಗಕ್ಕೆ ಹೋಗುವವಳಿಗೆ ದಾರಿ ಬಿಟ್ಟಿತ್ತು. ಮುಹೂರ್ತ ಅವರೇ ಇಟ್ಟರು, ಅಪ್ಪ ಹೊದಿಸಿದ ಶಾಲು ಹೊದ್ದುಕೊಂಡರು, ಮೊದಲ ಪಂಕ್ತಿಯಲ್ಲಿ ಕೂತು ಉಂಡರು. ಭಾವ ಒಳ್ಳೆಯವನೇ. ಅಕ್ಕ ಅವನ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಾಳೆ. ದೂರಲು ಏನೂ ಇಲ್ಲದ ಬಾಳು ಅದು. ಅದೇ ಅವಳಿಗೆ ಇನ್ನೂ ಕಷ್ಟವೇನೋ...

ಕೆಲವು ವರ್ಷಗಳ ಹಿಂದೆ ಮಾನ್ವಿಯ ಒಂದು ಮದುವೆಯಲ್ಲಿ ಮಾಸ್ತರು ಸಿಕ್ಕರು. ಹಣ್ಣಾಗಿದ್ದರು. ನನ್ನ ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ನಿಮ್ಮಕ್ಕ ಭಾಳ ಶಾಣ್ಯಾಕಿ ಇದ್ಳು ನೋಡು. ಅಕಿ ಯಾಕ ಮುಂದ ಓದಲಿಲ್ಲ?"

ಚೇಷ್ಟೆಯೋ ಎಂದು ಮುಖ ನೋಡಿದೆ. ಅಲ್ಲ. ನಿಜವಾಗಿಯೂ ಕೇಳುತ್ತಿದ್ದರು.

"ನೀವ ಬ್ಯಾಡಂದ್ರಲ್ರೀ ಸರ್."

"ನಾನಾ? ನಾ ಯಾಕ ಹಂಗ ಅಂತೀನವ್ವಾ?" ಎಂದು ನಕ್ಕು, ಬಡಿಸುವವನನ್ನು ಕರೆದು ಹೋಳಿಗೆಗೆ ಇನ್ನೊಂದಿಷ್ಟು ತುಪ್ಪ ಹಾಕಿಸಿಕೊಂಡರು.

ಅಷ್ಟು ದಿನ ನಾನು ಅವರನ್ನು ದ್ವೇಷಿಸುತ್ತಿದ್ದೆ. ದ್ವೇಷಕ್ಕೂ ಒಂದು ತೂಕದ ಮನುಷ್ಯ ಬೇಕು. ಅಂದಿನಿಂದ ಉಳಿದದ್ದು ತಾತ್ಸಾರ ಮಾತ್ರ. ಹೋದ ವರ್ಷ ಅವರು ತೀರಿಕೊಂಡಾಗ ಶಾಲೆಯಲ್ಲಿ ಸಭೆ ನಡೆಯಿತಂತೆ, ಮಕ್ಕಳ ಬಾಳು ಬೆಳಗಿದವರೆಂದು ಹೊಗಳಿದರಂತೆ. ನಾನು ಹೋಗಲಿಲ್ಲ. ಅಕ್ಕನಿಗೆ ಫೋನ್ ಮಾಡಿ ಹೇಳಿದರೆ, "ಅಂಗಡ್ಯಾಗ ಗಿರಾಕಿ ಅದಾರ, ಆಮ್ಯಾಲ ಮಾತಾಡ್ತೀನಿ," ಎಂದಳು. ಆಮೇಲೆ ಆ ಮಾತೇ ಎತ್ತಲಿಲ್ಲ.

ಹೋದ ಶನಿವಾರ ಕಣ್ಣಿನ ಡಾಕ್ಟರ ಹತ್ತಿರದಿಂದ ಹಿಂದಿರುಗುವಾಗ ಅಕ್ಕ ಇದ್ದಕ್ಕಿದ್ದಂತೆ ಆಟೋ ನಿಲ್ಲಿಸಿದಳು. ಅದೇ ಕಾಲೇಜು. ಅಂದು ಕುಂಭದಲ್ಲಿ ಕೂತಿದ್ದ ಶನಿ ಒಂದು ಪೂರಾ ಸುತ್ತು ಹಾಕಿ, ಮತ್ತೆ ಅದೇ ಕುಂಭಕ್ಕೆ ಬಂದು, ಅದನ್ನೂ ದಾಟಿ ಮುಂದೆ ಹೋಗಿದೆ. ಇಷ್ಟು ವರ್ಷದಲ್ಲಿ ಅಕ್ಕ ಆ ಗೇಟಿನ ಒಳಗೆ ಕಾಲಿಟ್ಟಿರಲಿಲ್ಲ.

ಕಣ್ಣಿಗೆ ಹಾಕಿದ್ದ ಔಷಧಿಯಿಂದ ಅವಳಿಗೆ ಎಲ್ಲ ಮಂಜುಮಂಜು. ನನ್ನ ಕೈ ಹಿಡಿದುಕೊಂಡು ಒಳಗೆ ನಾಲ್ಕು ಹೆಜ್ಜೆ ಇಟ್ಟಳು. ವಾಚ್‌ಮನ್ ಎದ್ದು ಬಂದ.

"ಯಾರು ಬೇಕಿತ್ರೀ ಯವ್ವಾ?"

"ಯಾರಿಲ್ಲಪಾ. ನನಗ ಇಲ್ಲಿ ಸೀಟ್ ಸಿಕ್ಕಿತ್ತು."

ಅವನಿಗೆ ತಿಳಿಯಲಿಲ್ಲ. ಆದರೂ ನಕ್ಕು, "ಹೌದ್ರೀ? ಯಾವಾಗ ಮುಗಸಿದ್ರೀ ಮತ್ತ?" ಎಂದು ಕೇಳಿದ.

ಅಕ್ಕ ನನ್ನ ಕಡೆ ತಿರುಗಿ, "ಬಿಸಲಿಗೆ ಕಣ್ಣು ಉರಿಯಾಕತ್ತಾವು, ನಡಿ," ಎಂದಳು.