ಕಿಟಕಿ ಮುಚ್ಚಿದ ಶನಿವಾರಗಳು

ಅಕ್ಕೋರ ಎಡಗೈ ತೋರುಬೆರಳಿನ ಉಗುರು ಒಂದು ಬದಿಗೆ ಸವೆದಿತ್ತು. ಅದರ ಸಂದಿಯಲ್ಲಿ ಕೂತ ಚಾಕ್‌ಪೀಸಿನ ಪುಡಿ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಎಡಗೈಯಲ್ಲಿ ಅಕ್ಷರ ತಿದ್ದಿಸುವವರು ನಮ್ಮ ಮಕ್ಕಳನ್ನು ಅದೆಷ್ಟು ಉದ್ಧಾರ ಮಾಡ್ಯಾರು ಎಂದು ಊರ ಹೆಂಗಸರು ಬೋರಿನ ಹತ್ತಿರ ಆಡಿಕೊಳ್ಳುತ್ತಿದ್ದರು. ಆ ಬೆರಳನ್ನು ನಾನು ಕಣ್ಣಿಗಿಂತ ಹೆಚ್ಚಾಗಿ ಅಂಗೈಯಿಂದ ಬಲ್ಲೆ.

ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಅನ್ನುತ್ತೇವೆ. ವನದುರ್ಗದ ಹತ್ತಿರದ ನಮ್ಮೂರಿಗೆ ಅವರು ಸುರಪುರದಿಂದ ಬರುತ್ತಿದ್ದರು. ಮದುವೆಯಾಗಿರಲಿಲ್ಲ, ತಮ್ಮನ ಮನೆಯಲ್ಲೇ ಇದ್ದರು. ಸಿಟ್ಟು ಮೂಗಿನ ತುದಿಯಲ್ಲೇ. ಬೈದ ಮೇಲೆ ಚೀಲದಿಂದ ಒಂದು ಹಿಡಿ ಹುರಿದ ಶೇಂಗಾ ಕೊಡುವುದು ಅವರ ರೂಢಿ. ಹಾಗಾಗಿ ನಮ್ಮಲ್ಲಿ ಕೆಲವರು ಬೈಸಿಕೊಳ್ಳಲೆಂದೇ ಕಾಯುತ್ತಿದ್ದೆವು.

ಶನಿವಾರ ಶಾಲೆಯಲ್ಲಿ ಪಿಚ್ಚರ್. ಸುರಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ತಮ್ಮ ಅವರಿಗೊಂದು ಪುಟ್ಟ ಪ್ರೊಜೆಕ್ಟರ್ ಕೊಟ್ಟಿದ್ದ. ಕಿಟಕಿಗಳನ್ನು ಮುಚ್ಚಿ, ಗೋಣಿಚೀಲ ಇಳಿಬಿಟ್ಟು, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಅಕ್ಕೋರು ನಮ್ಮನ್ನೆಲ್ಲ ಒಂದೇ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. ಚಿತ್ರ ಹಿಂದಿಯದು. ದನಿ ಕೇಳಿದರೆ ಯಾರೂ ಓದುವುದಿಲ್ಲವೆಂದು ದನಿಯನ್ನು ಪೂರ್ತಿ ಆರಿಸಿಬಿಡುತ್ತಿದ್ದರು. ಗೋಡೆಯ ಮೇಲೆ ಯಾರಾದರೂ ಬಾಯಿ ತೆರೆದರೆ ಚಿತ್ರ ನಿಲ್ಲುತ್ತಿತ್ತು. ಆ ಮಾತನ್ನು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಕನ್ನಡದಲ್ಲಿ ಬರೆದ ಪಟ್ಟಿಯೊಂದನ್ನು ಪಕ್ಕದಲ್ಲಿ ತೂಗುಹಾಕಿ ಅದರ ಮೇಲೆ ಬ್ಯಾಟರಿ ಬೆಳಕು ಬಿಡುತ್ತಿದ್ದರು. ಹೆಸರು ಕರೆಸಿಕೊಂಡವರು ಎದ್ದು ಗಟ್ಟಿಯಾಗಿ ಓದಬೇಕು. ಓದಿದರಷ್ಟೇ ಪಿಚ್ಚರ್ ಮುಂದಕ್ಕೆ.

ಬೆವರಿನಲ್ಲಿ ತೊಯ್ದು, "ಸೆಕಿ ಆಗಾಕತ್ತೈತ್ರಿ ಅಕ್ಕೋರ, ಕಿಟಕಿ ತೆಗೀರಿ" ಅಂತ ನಾವು ಗೋಗರೆಯುತ್ತಿದ್ದೆವು.

"ಕಡೀ ಪಟ್ಟಿ ಓದಿ ಮುಗಸ್ರಿ, ತೆಗೀತೀನಿ" ಅನ್ನುತ್ತಿದ್ದರು.

ಎಲ್ಲರಿಗೂ ಸೆಕೆಯ ಚಿಂತೆಯಾದರೆ ನನಗೆ ಪಟ್ಟಿಯದೇ ಚಿಂತೆ. ಐದನೇ ತರಗತಿಗೆ ಬಂದಿದ್ದರೂ ನನಗೆ ಓದಲು ಬರುತ್ತಿರಲಿಲ್ಲ. ಪಕ್ಕದವಳು ಓದಿದ್ದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾ ಅಲ್ಲಿಯವರೆಗೆ ಬಂದುಬಿಟ್ಟಿದ್ದೆ. "ಓದಾಕ ಬರ್ಲಿಲ್ಲಂದ್ರ ಅವ್ವನ ಸಂಗಟ ಹತ್ತಿ ಬಿಡಸಾಕ ಹೋಗು" ಎಂದು ಅಪ್ಪ ಮೊದಲೇ ಹೇಳಿದ್ದ. ಬಾಗಿಲಿಗೆ ಚಿಲಕ, ಮುಂದೆ ಅಕ್ಕೋರು, ಬೆನ್ನ ಹಿಂದೆ ಹತ್ತಿ ಹೊಲ. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ.

ಆಗ ತೋರಿಸುತ್ತಿದ್ದುದು ಕಳೆದ ಕುರಿಮರಿಯನ್ನು ಹುಡುಕುತ್ತಾ ಮಂಜಿನ ಗುಡ್ಡ ಹತ್ತುವ ಹುಡುಗಿಯ ಚಿತ್ರ. ಒಂದು ಶನಿವಾರ ಅವಳ ತಾಯಿ ಬಾಗಿಲಲ್ಲಿ ನಿಂತು ಕೂಗುವಾಗ ಚಿತ್ರ ನಿಂತಿತು, ನನ್ನ ಹೆಸರು ಬಂತು. ಪಟ್ಟಿಯಲ್ಲಿ ಏನಿತ್ತೋ ದೇವರೇ ಬಲ್ಲ. ನಮ್ಮವ್ವ ನನ್ನನ್ನು ಬೈಯುವ ಹಾಗೇ ಒದರಿಬಿಟ್ಟೆ: "ಏ ಹುಚ್ಚಿ! ಮರಿ ಸಿಗಲಿಲ್ಲಂದ್ರ ನೀನೂ ಮನಿಗಿ ಬರಬ್ಯಾಡ, ಅಲ್ಲೇ ಹುಲ್ಲ ಮೇಯಿ!"

ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಓದಲು ಬರುವವರು ನಾನು ಬೇಕೆಂದೇ ತಮಾಷೆ ಮಾಡಿದೆ ಅಂದುಕೊಂಡರು. ಮುಂದಿನ ಶನಿವಾರದಿಂದ ಎಲ್ಲರಿಗೂ ನಾನೇ ಓದಬೇಕಾಯಿತು. ಒಂದು ಸುಳ್ಳಿನಿಂದ ಪಾರಾಗಲು ಹೋಗಿ ವಾರಕ್ಕೊಂದು ಸುಳ್ಳು ಹುಟ್ಟಿಸುವ ಪಾಡಾಯಿತು.

ಎರಡು ಶನಿವಾರ ಅಕ್ಕೋರು ಹಾಗೇ ನಡೆಯಲು ಬಿಟ್ಟರು. ಮೂರನೆಯ ಸಲ ಎಲ್ಲರನ್ನೂ ಕಳಿಸಿ ನನ್ನೊಬ್ಬಳನ್ನೇ ಉಳಿಸಿಕೊಂಡರು. ಗೋಡೆಯ ಮೇಲೆ ಆ ಹುಡುಗಿ ಅರ್ಧ ಗುಡ್ಡದಲ್ಲಿ ನಿಂತಿದ್ದಳು. ಒಂದು ಪಟ್ಟಿ ತೂಗುಹಾಕಿ, "ಓದು" ಅಂದರು.

"ನನ್ನ ಮರಿ ಎಲ್ಲಿ ಹೋತೋ ಯಪ್ಪಾ" ಎಂದು ಅಳುದನಿ ತೆಗೆದು ಓದಿದೆ.

"ಅದರಾಗ ಇರೂದು ನಿನ್ನ ಹೆಸರವ್ವ" ಅಂದರು.

ಅತ್ತುಬಿಟ್ಟೆ. "ಅಪ್ಪಗ ಹೇಳಬ್ಯಾಡ್ರಿ ಅಕ್ಕೋರ" ಎಂದು ಕಾಲು ಹಿಡಿದೆ. ಬೈಗುಳಕ್ಕೆ ಕಾದೆ. ಅವತ್ತು ಬೈಯಲಿಲ್ಲ. ಗೋಡೆಯ ಕಡೆ ಬೆರಳು ತೋರಿಸಿ, "ಆಕಿ ದನಿ ನಾವ ಕಸಗೊಂಡೀವಿ. ಈಗ ನಮಗ ತಿಳಿದಂಗ ಆಕಿ ಬಾಯಾಗ ಮಾತ ತುರುಕಿದ್ರ ಪಾಪ ಆಕಿ ಏನ ಮಾಡ್ಬೇಕು? ಇದ್ದದ್ದ ಓದು. ನಿನಗ ಬೇಕಾದ್ದು ಆಮ್ಯಾಲ ಹೇಳೀಯಂತ" ಅಂದರು.

ಅಂದಿನಿಂದ ಕತ್ತಲಲ್ಲಿ ನನ್ನ ಜಾಗ ಅವರ ಮಗ್ಗುಲಿಗೆ. ಪಿಚ್ಚರ್ ಓಡುತ್ತಿರುವಾಗಲೇ ನನ್ನ ಅಂಗೈ ಹಿಡಿದು, ಮುಂದೆ ಬರಲಿರುವ ಪಟ್ಟಿಯ ಅಕ್ಷರಗಳನ್ನು ಆ ಸವೆದ ಉಗುರಿನಿಂದ ನಿಧಾನಕ್ಕೆ ಬರೆಯುತ್ತಿದ್ದರು. ತಪ್ಪು ಹೇಳಿದರೆ ಅಂಗೈ ಒರೆಸಿ ಮತ್ತೆ ಬರೆಯುತ್ತಿದ್ದರು. ಕಚಗುಳಿಯಾದರೂ ನಗುವ ಹಾಗಿಲ್ಲ. ಯಾರಿಗೂ ಗೊತ್ತಾಗಲಿಲ್ಲ. ನನ್ನ ಓದಿನಲ್ಲಿ ತಮಾಷೆ ಹೋಯಿತೆಂದು ಗೆಳತಿಯರು ಮಾತ್ರ ಗೊಣಗಿದರು.

ಹತ್ತಿ ಬಿಡಿಸುವ ದಿನಗಳಲ್ಲಿ ಒಂದು ಶನಿವಾರ ಅಪ್ಪ ನನ್ನನ್ನು ಕರೆದೊಯ್ಯಲು ಬಂದ. ಅಕ್ಕೋರು ಅವನನ್ನೂ ಒಳಗೆ ಕೂರಿಸಿ ಚಿಲಕ ಹಾಕಿದರು. ಆ ದಿನದ ಪಟ್ಟಿಗಳನ್ನೆಲ್ಲ ನನ್ನಿಂದಲೇ ಓದಿಸಿದರು. ಇದ್ದದ್ದನ್ನೇ ಓದಿದೆ. ಕಿಟಕಿ ತೆರೆದಾಗ ಅಪ್ಪ ರುಮಾಲಿನಿಂದ ಮುಖ ಒರೆಸಿಕೊಂಡು, "ಮರಿ ಸಿಕ್ತಲ್ಲ, ಚಲೋ ಆತ್ ಬಿಡ್ರಿ" ಎಂದು ಒಬ್ಬನೇ ಎದ್ದು ಹೋದ. ನಾನು ಶಾಲೆಯಲ್ಲೇ ಉಳಿದೆ.

ಈಗ ನಾನು ಸುರಪುರದ ಕಚೇರಿಯೊಂದರಲ್ಲಿ ಜನರ ಅರ್ಜಿಗಳನ್ನು ಓದಿ ದಾಖಲು ಮಾಡುವ ಕೆಲಸದಲ್ಲಿದ್ದೇನೆ. ಅಕ್ಕೋರಿಗೆ ಲಕ್ವಾ ಹೊಡೆದಿದೆ ಎಂಬ ಸುದ್ದಿ ಕಿವಿಗೆ ಬಿದ್ದಿತ್ತು. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಅನ್ನುತ್ತಾ ಒಂದೂವರೆ ತಿಂಗಳು ಕಳೆದೆ.

ಕೊನೆಗೆ ಹೋದಾಗ ಅವರು ತಮ್ಮನ ಮನೆಯ ಮೂಲೆಯ ಕೋಣೆಯಲ್ಲಿ ಮಲಗಿದ್ದರು. ಬಲಭಾಗ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿ ಪರದೆ ಎಳೆದಿದ್ದರು. ಒಳಗೆ ಕಾಲಿಟ್ಟೊಡನೆ ಉಸಿರು ಕಟ್ಟಿತು. ಅವರು ನನ್ನನ್ನು ನೋಡಿ ತುಟಿ ಆಡಿಸಿದರು. ತಮ್ಮನ ಹೆಂಡತಿ ಪ್ರೀತಿಯಿಂದಲೇ, "ನೀರ ಬೇಕೇನಕ್ಕ? ಮಗ್ಗಲಾಗ್ತೀಯೇನು?" ಎಂದು ಚಮಚೆ ಹಿಡಿದು ಓಡಿ ಬಂದಳು.

"ಅಕ್ಕನ ಮಾತ ನಮಗೆಲ್ಲಾ ತಿಳೀತಾವ್ರಿ. ಮೊನ್ನಿ ಮಠದ ಅಂಗಾರ ಬೇಕಂದ್ಲು, ತಂದು ಹಣಿಗೆ ಹಚ್ಚೀವಿ" ಅಂದ ತಮ್ಮ. ಅಕ್ಕೋರು ಕಣ್ಣು ಮುಚ್ಚಿಕೊಂಡರು.

ಕೌದಿಯ ಮೇಲೆ ಅವರ ಎಡಗೈ ತೋರುಬೆರಳು ಸಣ್ಣಗೆ ಆಡುತ್ತಿತ್ತು.

"ಹಗಲೆಲ್ಲ ಹಿಂಗ ನಡಗತೈತ್ರಿ" ಅಂದ ತಮ್ಮ.

ನಾನು ಆ ಬೆರಳಿನ ಕೆಳಗೆ ಅಂಗೈ ಚಾಚಿದೆ. ಬೆರಳು ನಿಂತಿತು. ಅಕ್ಕೋರು ಕಣ್ಣು ತೆರೆದು ನನ್ನನ್ನೇ ನೋಡಿದರು. ಆಮೇಲೆ ಶುರುವಾಯಿತು. ಮೊದಲ ಸಲ ಅಕ್ಷರ ಹಿಡಿಯಲಾಗಲಿಲ್ಲ. ಅಂಗೈಯನ್ನು ನನ್ನ ಸೀರೆಗೆ ಒರೆಸಿ ಮತ್ತೆ ಚಾಚಿದೆ. ಎರಡನೆಯ ಸಲ ಗಟ್ಟಿಯಾಗಿ ಓದಿದೆ: "ಕಿಟಕಿ ತೆಗೀರಿ."

ತಮ್ಮ ನನ್ನ ಮುಖ ನೋಡಿದ. "ಹಂಗ ಬರದಾಳೇನ್ರಿ? ಇಲ್ಲಾ ನೀವ ಅನ್ನಾಕತ್ತೀರೋ?"

"ಇದ್ದದ್ದ ಓದೀನ್ರಿ" ಅಂದೆ.

ಅವನು ಹೋಗಿ ಪರದೆ ಸರಿಸಿ ಕಿಟಕಿ ತೆರೆದ. ಗಾಳಿ ಬಂತು, ಹೊರಗಿನ ಆಟೋದ ಸದ್ದೂ ಬಂತು. ಅಕ್ಕೋರ ಬೆರಳು ನನ್ನ ಅಂಗೈಯಲ್ಲೇ ಸುಮ್ಮನಾಯಿತು.

ಅದಾಗಿ ಹನ್ನೊಂದು ದಿನ ಬದುಕಿದ್ದರು. ಮಣ್ಣಿಗೆ ಹೋದಾಗ ತಮ್ಮ ನನ್ನ ಕೈ ಹಿಡಿದು, "ಆಮ್ಯಾಲ ಒಮ್ಮಿನೂ ಮುಚ್ಚಲಿಲ್ರಿ" ಎಂದು ಅತ್ತ. ನಾನೂ ಅತ್ತೆ. ಆದರೆ ನಾನು ಅತ್ತದ್ದು ಆ ಹನ್ನೊಂದು ದಿನಕ್ಕಲ್ಲ, ಅದಕ್ಕೂ ಮೊದಲಿನ ಒಂದೂವರೆ ತಿಂಗಳಿಗೆ. ನನ್ನ ಕಚೇರಿಯಿಂದ ಆ ಕಿಟಕಿಗೆ ನಡೆದು ಹೋದರೆ ಹತ್ತು ನಿಮಿಷದ ದಾರಿ.