ಪಕ್ಕದ ಮನೆಯ ಮಿಕ್ಸ್ಚರ್

ಈ ಹೊತ್ತು ಹಾಲು ಕಾಯಿಸಿ, ಅಕ್ಕಿ ಆರಿಸಿ, ದಿಂಬಿನ ಚೀಲ ಒಗೆದು ಹಾಕಿ, ಯಜಮಾನರ ಎದೆಯುರಿಗೆ ಔಷಧಿ ತಂದೆ. ಮುಚ್ಚಳ ತೆಗೆದೊಡನೆ ಪೆಪ್ಪರ್‌ಮಿಂಟಿನ ವಾಸನೆ. ಹಲಸೂರಿನ ವಠಾರದಲ್ಲಿ ಪಕ್ಕದ ಮನೆಯಲ್ಲಿದ್ದಾಕೆ ಕಣ್ಣ ಮುಂದೆ ಬಂದು ನಿಂತಳು.

ಎರಡನೆಯ ಮಹಾಯುದ್ಧದ ಕಾಲ. ನಾನು ಹೊಸ ಸೊಸೆ. ನಮ್ಮತ್ತೆಗೆ ಉಂಡ ಅರ್ಧ ಗಂಟೆಗೆಲ್ಲ ಹೊಟ್ಟೆಯಿಂದ ಗಂಟಲವರೆಗೆ ಉರಿ. ದವಾಖಾನೆಯ ಕಾಂಪೌಂಡರ್ ನಾವೇ ಒಯ್ದ ಬಾಟಲಿಗೆ ಇದೇ ವಾಸನೆಯ ಎರಡಾಣೆಯ ಬಿಳಿ ಮಿಕ್ಸ್ಚರ್ ತುಂಬಿ, ಡೋಸು ತಿಳಿಯಲೆಂದು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ. ನಾನು ಅದನ್ನು ಅಲುಗದಂತೆ ಗೂಡಿನಲ್ಲಿಟ್ಟು, ಗಸಿ ಇಳಿದ ಮೇಲೆ, ಸುಣ್ಣದ ತಿಳಿ ತೆಗೆದ ಹಾಗೆ ಮೇಲಿನದನ್ನಷ್ಟೇ ಬಸಿದು ಕೊಡುತ್ತಿದ್ದೆ. ಅತ್ತೆಗೆ ಗಸಿ ಕುಡಿಸುವುದುಂಟೆ?

ಉರಿ ಮಾತ್ರ ತಗ್ಗಲಿಲ್ಲ. ಪಕ್ಕದಾಕೆಯೂ ತನ್ನ ಗಂಡನಿಗೆ ಅದೇ ಮಿಕ್ಸ್ಚರ್ ತರುತ್ತಿದ್ದಳು. ಒಂದು ದಿನ ಅತ್ತೆಗೆ ಒಂದು ಡೋಸು ತಂದು ಕುಡಿಸಿದಳು. ಅತ್ತೆ ಹಾಯಾಗಿ ತೇಗಿದರು. ಅಲ್ಲಿಂದ ಶುರು. ಊಟ ಮುಗಿಯುವುದೇ ತಡ, ಗೋಡೆಯಾಚೆ ಆಕೆಯ ಗಾಜಿನ ಬಳೆ ಝಲ್ಲೆನ್ನುವುದು, ಅತ್ತೆಯ ಮುಖ ಅರಳುವುದು.

"ಬಂದ್ಲು ನೋಡು ನಮ್ಮಮ್ಮ!"

ಮೊಣಕೈವರೆಗೆ ಬಳೆ ತೊಟ್ಟು ಬೇಕೆಂದೇ ಸದ್ದು ಮಾಡುತ್ತಾಳೆ ಎಂದು ನಾನು ಒಳಗೇ ಕುದಿಯುತ್ತಿದ್ದೆ. ಕಾಂಪೌಂಡರ್ ಆಕೆಗೆ ಒಳ್ಳೆಯದು ಕೊಟ್ಟು ನನಗೆ ನೀರು ಬೆರೆಸುತ್ತಾನೆಂಬ ಗುಮಾನಿ ಬೇರೆ. ಕೊನೆಗೆ ತವರಿನವರು ಸೀರೆಗೆಂದು ಕೊಟ್ಟ ದುಡ್ಡು ಹಿಡಿದು ಕಮರ್ಷಿಯಲ್ ಸ್ಟ್ರೀಟಿಗೆ ನಡೆದೆ. ಕೊಂಡದ್ದು ಇಂಗ್ಲೆಂಡ್ ಸೀಮೆಯಿಂದ ಬಂದ, ಎದೆಯುರಿಗೆಂದೇ ಇದ್ದ ನೀಲಿ ಬಾಟಲಿಯ ಮೆಗ್ನೀಷಿಯಾ. ಬೆಲೆ ಮಿಕ್ಸ್ಚರಿನ ಹದಿನೈದು ಪಟ್ಟು. ಅದನ್ನೂ ಎರಡು ದಿನ ಅಲುಗಿಸದೆ ಇಟ್ಟು, ತಿಳಿ ಬಸಿದು ಕೊಟ್ಟೆ.

ಅತ್ತೆ ಬಾಯಿ ಒರೆಸಿಕೊಂಡರು. "ಇದೇನೇ, ಬರೀ ತಣ್ಣೀರು? ಆ ಹುಡುಗೀನ ಕೂಗು."

ಆಕೆ ತನ್ನ ಬಾಟಲಿ ಹಿಡಿದೇ ಬಂದಳು. ಹೊಸಿಲಲ್ಲೇ ನಿಂತು ಜೋರಾಗಿ ಕುಲುಕಿದಳು. ಝಲ್ ಝಲ್... ಬಳೆ! ಗಸಿಯೆಲ್ಲ ಎದ್ದು ಮಿಕ್ಸ್ಚರ್ ಹಾಲಿನಂತಾಯಿತು. ಆಮೇಲೆ ನನ್ನ ಲೋಟ ಕಂಡಳು.

"ಅಯ್ಯೋ ಅಕ್ಕಾ, ಸಾರಾ ಇದು, ತಿಳಿ ಬಸಿಯೋಕೆ? ಔಷಧಿಯೆಲ್ಲ ತಳದಲ್ಲೇ ಇರೋದು!"

"ನನ್ ಮೇಲೆ ಪ್ರೀತಿ ಜಾಸ್ತಿ ಕಣಮ್ಮ ಇವ್ಳಿಗೆ," ಎಂದು ಅತ್ತೆ ನಕ್ಕರು.

ಹೇಳಿಕೊಟ್ಟವಳಿಗೆ ಒಂದು ಒಳ್ಳೆಯ ಮಾತಾಡಬೇಕಿತ್ತು. ನಾನು ಲೋಟ ತೊಳೆಯಲು ಬಚ್ಚಲಿಗೆ ಹೋದೆ.

ಮಾರನೆಯ ದಿನದಿಂದ ನಾನೂ ಕುಲುಕಿದೆ. ಎರಡಾಣೆಯದೇ ಸಾಕಾಯಿತು. ಅತ್ತೆ ತೇಗಿ, "ಅವಳ ಕೈಗುಣ ನಿಂಗೂ ಬಂತು ಕಣೇ," ಎಂದರು. ಆ ಹೆಚ್ಚುಗಾರಿಕೆಯೂ ಆಕೆಗೇ ಹೋಯಿತು.

ಯುದ್ಧ ಮುಗಿದು ಆಕೆಯ ಗಂಡನ ಕೆಲಸ ಹೋಯಿತು. ಸೇಲಂ ಕಡೆ ಹೊರಟರು. ಜಟಕಾ ಹತ್ತುವಾಗ ಆಕೆ ನನ್ನತ್ತ ಕೈ ಬೀಸಿದಳು. ನಾನು ಒಲೆ ನೋಡುವ ನೆಪದಲ್ಲಿ ಒಳಗೆ ಹೋದೆ. ಆಮೇಲೆ ಎಷ್ಟೋ ದಿನ, ಊಟವಾದೊಡನೆ ಅತ್ತೆ ಗೋಡೆಯ ಕಡೆ ಕಿವಿಗೊಟ್ಟು ಕೂರುತ್ತಿದ್ದರು... ನಾನೂ.

ಇವತ್ತು ಬಾಟಲಿ ಕುಲುಕಿದೆ. ಕೈಯಲ್ಲಿರುವುದು ಎರಡೇ ಬಳೆ. ಆ ಸದ್ದು ಬರಲಿಲ್ಲ. ರಾತ್ರಿಗೆ ಮೊಸರನ್ನ ಉಂಡೆವು. ಔಷಧಿ ಕುಡಿದು ಯಜಮಾನರು ಮೊದಲು ನಿದ್ದೆ ಹೋದರು.